ಫರ್ರಾನಿನ ಮೂಲೆಯಲ್ಲಿ ಕಟ್ಟಿದ ಲೈಬ್ರರಿ

ಸಿ ಬೂಶೈಬನ ಫರ್ರಾನಿಗೆ, ಓಣಿಗೆಲ್ಲ ಒಂದೇ ಆದ ಒಲೆಮನೆಗೆ, ರೊಟ್ಟಿ ಬೇಯಿಸಿಕೊಳ್ಳಲು ಹೋಗುವ ಹೆಂಗಸರಿಗೆಲ್ಲ ಅವನ ಮಗಳು ಸುಕೈನಾ ಕೂರುವ ಮೂಲೆ ಗೊತ್ತು. ದೊಡ್ಡ ಒಲೆಯ ಬಾಯಿಂದ ಆಚೆ, ರೊಟ್ಟಿ ಹಲಗೆಗಳನ್ನು ಒರಗಿಸಿಡುವ ಗೋಡೆಯ ಪಕ್ಕ, ಮೊದಲು ಸೌದೆ ಪೇರಿಸುತ್ತಿದ್ದ ಜಾಗದಲ್ಲಿ ಒಂದು ಸಣ್ಣ ಮೇಜು. ಮೇಜಿನ ಮೇಲೆ ಲ್ಯಾಪ್‌ಟಾಪು. ಬೂದಿ ಬೀಳಬಾರದೆಂದು ಅದಕ್ಕೊಂದು ಪಟ್ಟೆ ಬಟ್ಟೆಯ ಹೊದಿಕೆ, ನಾವು ಹಸಿ ರೊಟ್ಟಿಗೆ ಹೊದಿಸುವಂಥದೇ. ಮನೆಯಲ್ಲಿ ತಣ್ಣಗೆ ಕೂರಬಾರದೇ ಎಂದು ಕೇಳಿದರೆ, "ಅಪ್ಪನಿಗೆ ತಲೆ ಸುತ್ತಿದ್ರೆ ಹಿಡಿಯೋರು ಬೇಕಲ್ಲ ಖಾಲ್ತಿ" ಎನ್ನುತ್ತಾಳೆ. ಖಾಲ್ತಿ ಎಂದರೆ ಚಿಕ್ಕಮ್ಮ, ಸಿ ಎಂದರೆ ಶ್ರೀ ಇದ್ದ ಹಾಗೆ. ತಾಯಿ ತೀರಿಕೊಂಡ ಮೇಲೆ ಬೀದಿಯ ಹೆಂಗಸರೆಲ್ಲ ಅವಳಿಗೆ ಖಾಲ್ತಿಯರೇ. ಗೋಡೆಗೆ ಗೋಡೆ ತಾಗಿದ ಮನೆಯವಳಾದ್ದರಿಂದ ನಾನು ಸ್ವಲ್ಪ ಹೆಚ್ಚಿನ ಖಾಲ್ತಿ.

ಮೊರೊಕ್ಕೋದ ನಮ್ಮ ಅಝೆಮ್ಮೂರಿನ ಹಳೇ ಕೋಟೆಯೊಳಗೆ ಈಗ ಫರ್ರಾನುಗಳು ಕಡಿಮೆಯಾಗಿವೆ. ಅಂಗಡಿಯಲ್ಲಿ ಬೆಂದ ರೊಟ್ಟಿಯೇ ಸಿಗುವಾಗ ಮನೆಯಲ್ಲಿ ನಾದಿ, ಹಲಗೆ ಹೊತ್ತು ಬೀದಿ ದಾಟುವುದು ಯಾಕೆ ಎನ್ನುವವರೇ ಹೆಚ್ಚು. ಆದರೂ ನಮ್ಮ ಓಣಿಯವರು ಬಿಟ್ಟಿಲ್ಲ. ಸಿ ಬೂಶೈಬನೂ ಬಿಟ್ಟಿಲ್ಲ. ಯಾರ ಮನೆಯ ರೊಟ್ಟಿ ಯಾವುದೆಂದು ನೋಡಿದ ಕೂಡಲೇ ಹೇಳುತ್ತಾನೆ. ಹೇಳಿ ಸುಮ್ಮನಿರುವವನೂ ಅಲ್ಲ. "ಫತ್ತೂಮಾ, ಇವತ್ತು ಸೊಸೆ ಕೈಲಿ ನಾದಿಸಿದೀಯ. ಪಾಪ, ಅವಳಿಗೆ ನಿನ್ನ ಮೇಲಿರೋ ಸಿಟ್ಟೆಲ್ಲಾ ಹಿಟ್ಟಿಗೆ ತಟ್ಟಿದಾಳೆ" ಎಂದು ಎಲ್ಲರೆದುರಿಗೆ ಅಂದುಬಿಡುತ್ತಾನೆ. ಫತ್ತೂಮಾ ಬಿಡುತ್ತಾಳೆಯೇ? "ನಿನ್ನ ಮಗಳಿಗೆ ಒಂದು ಅತ್ತೆ ಸಿಕ್ಕಿದ್ರೆ ಅವಳ ಹಿಟ್ಟನ್ನೂ ನೋಡ್ಬಹುದಿತ್ತು. ಅವಳೋ ಆ ಪೆಟ್ಟಿಗೆನೇ ಮದುವೆ ಆಗಿ ಕೂತಿದಾಳೆ!" ಮೂಲೆಯಿಂದ ಸುಕೈನಾ ತಲೆ ಎತ್ತದೆ, "ಒಳ್ಳೆ ಗಂಡ ಖಾಲ್ತಿ, ಊಟ ಕೇಳಲ್ಲ" ಎನ್ನುತ್ತಾಳೆ.

ಅವಳಿಗೀಗ ನಲವತ್ತರ ಹತ್ತಿರ. ಓದಿದ್ದು ಪಕ್ಕದ ಊರು ಅಲ್ ಜದೀದಾದಲ್ಲಿ. ಜಾವಾ ಎನ್ನುವ ಕಂಪ್ಯೂಟರಿನ ಭಾಷೆ ಕಲಿತು, ಕಾಸಾ ಎಂಬ ದೊಡ್ಡ ಪಟ್ಟಣದಲ್ಲಿ ಕೆಲವು ವರ್ಷ ನೌಕರಿ ಮಾಡಿದಳು. ಅಪ್ಪನ ಎರಡೂ ಕಿಡ್ನಿ ಕೈಕೊಟ್ಟ ವರ್ಷ ನೌಕರಿ ಬಿಟ್ಟು ಬಂದಳು. ಬೆಳಿಗ್ಗೆ ಯುವಕರ ಭವನದಲ್ಲಿ ಪಾಠ ಹೇಳುತ್ತಾಳೆ, ಮಧ್ಯಾಹ್ನದಿಂದ ಈ ಮೂಲೆ. ಊರಿನಲ್ಲಿ ದಾನಿಗಳು ನಡೆಸುವ ಡಯಾಲಿಸಿಸ್ ಕೇಂದ್ರವೊಂದಿದೆ. ರಕ್ತ ಶುದ್ಧ ಮಾಡುವ ಯಂತ್ರಗಳು ಅಲ್ಲಿ ಕಡಿಮೆ, ಅವಕ್ಕೆ ಕಾಯುವ ಜನ ಹೆಚ್ಚು. ಮೊದಲೆಲ್ಲ ಸರದಿಗೆ ಜಗಳವೇ ಆಗುತ್ತಿತ್ತು. ಬಂದ ಹೊಸತರಲ್ಲಿ ಸುಕೈನಾ ಆ ಕೇಂದ್ರಕ್ಕೊಂದು ಪ್ರೋಗ್ರಾಂ ಬರೆದುಕೊಟ್ಟಳು. ಯಾರ ಸರದಿ ಯಾವ ಹೊತ್ತಿಗೆ ಎಂದು ಅದು ಹಿಂದಿನ ದಿನವೇ ಎಲ್ಲರ ಫೋನಿಗೂ ಮೆಸೇಜು ಕಳಿಸುತ್ತದೆ. ಜಗಳ ನಿಂತಿತು.

ಆ ಪ್ರೋಗ್ರಾಂ ನಿಂತಿರುವುದು ಒಂದು ಲೈಬ್ರರಿಯ ಮೇಲೆ. ಪುಸ್ತಕದ ಲೈಬ್ರರಿಯಲ್ಲ. ಇಂಟರ್ನೆಟ್ಟಿನಲ್ಲಿ ಏನಾದರೂ ಕಟ್ಟುವವರಿಗೆ ಬೇಕಾದ ಸಾಮಾನುಗಳನ್ನೆಲ್ಲ ಯಾರೋ ಮೊದಲೇ ಮಾಡಿ ಒಟ್ಟಿಗೆ ಇಟ್ಟಿರುತ್ತಾರಲ್ಲ, ಅದು. ಇವಳು ಹಿಡಿದದ್ದರ ಹೆಸರು ಅಲೊಂದ್ರಾ. ಅದಕ್ಕೆ ಮಾಲೀಕರಿಲ್ಲ. ಬೇರೆ ಬೇರೆ ದೇಶದ ಕೆಲವರು ಬಿಡುವಾದಾಗ ಬರೆಯುತ್ತಾರೆ, ತಿದ್ದುತ್ತಾರೆ, ಬರೆದದ್ದನ್ನು ಯಾರು ಬೇಕಾದರೂ ಓದಲಿ, ಒಯ್ಯಲಿ ಎಂದು ಬಿಚ್ಚಿ ಇಟ್ಟಿದ್ದಾರೆ. ಹೆಚ್ಚಿನವರು ಅದನ್ನು ಸಿದ್ಧವಾಗಿಯೇ ಇಳಿಸಿಕೊಳ್ಳುತ್ತಾರೆ. ಸುಕೈನಾ ಹೋದ ವರ್ಷದಿಂದ ಅದರ ಮೂಲ ಬರಹವನ್ನೇ, ಸೋರ್ಸ್ ಕೋಡನ್ನೇ ತಂದುಕೊಂಡು ತನ್ನ ಮೇಜಿನಲ್ಲಿ ಓದುತ್ತಾ, ತಾನೇ ಕಟ್ಟುವ ಹಟಕ್ಕೆ ಕೂತಿದ್ದಾಳೆ.

"ದಿನಾ ಕಟ್ತೀನಿ ಕಟ್ತೀನಿ ಅಂತೀಯ, ಒಂದು ಇಟ್ಟಿಗೆನೂ ಕಾಣೆ" ಎಂದು ಫತ್ತೂಮಾ ಒಮ್ಮೆ ಕೇಳಿದಳು.

"ನೀವ್ಯಾಕೆ ಅಂಗಡಿ ರೊಟ್ಟಿ ತಗೊಳ್ಳಲ್ಲ?"

"ಅದ್ರೊಳಗೆ ಏನು ಹಾಕಿರ್ತಾರೋ ಯಾರು ಕಂಡಿದಾರೆ."

"ಇದೂ ಅಷ್ಟೇ. ಬೆಂದಿರೋದನ್ನ ತಂದ್ರೆ ಒಳಗೇನಿದೆ ತಿದ್ದಕ್ಕಾಗಲ್ಲ. ಹಿಟ್ಟಿಂದ ಶುರು ಮಾಡಿದ್ರೆ ಉಪ್ಪು ಎಲ್ಲಿ ಹೆಚ್ಚಾಯ್ತು ಅಂತ ಗೊತ್ತಾಗುತ್ತೆ, ಕಮ್ಮಿ ಮಾಡ್ಬಹುದು."

"ಉಪ್ಪು ಹೆಚ್ಚಾಗಿದೆಯಾ?"

"ಹೊತ್ತು ಹೆಚ್ಚಾಗಿದೆ ಖಾಲ್ತಿ" ಎಂದಳು ಸುಕೈನಾ. ಫತ್ತೂಮಾಳ ನಗು ಅಲ್ಲಿಗೇ ನಿಂತಿತು. ಹೋದ ರಂಜಾನಿನಲ್ಲಿ ಆದದ್ದು ಇಡೀ ಓಣಿಗೆ ಗೊತ್ತಿತ್ತು.

ನಮ್ಮಲ್ಲಿ ಯಾರು ಯಾವ ಹೊತ್ತು ಹೇಳಿದರೂ, "ಹಳೇದೋ ಹೊಸದೋ?" ಎಂದು ಕೇಳುವುದು ರೂಢಿ. ವರ್ಷವಿಡೀ ಸರ್ಕಾರದ ಗಡಿಯಾರ ಒಂದು ತಾಸು ಮುಂದೆ, ಅದು ಹೊಸ ಹೊತ್ತು. ರಂಜಾನು ಬಂತೆಂದರೆ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ, ಆಗ ನಡೆಯುವುದು ಹಳೇ ಹೊತ್ತು. ಹಬ್ಬ ಮುಗಿದ ಮೇಲೆ ಮತ್ತೆ ಮುಂದಕ್ಕೆ. ಹೊಸ ಹೊತ್ತನ್ನು ಮೆಚ್ಚದ ನನ್ನಂಥವರು ಹನ್ನೆರಡು ತಿಂಗಳೂ ಹಳೇ ಹೊತ್ತಿನಲ್ಲೇ ಇರುತ್ತೇವೆ. ಹೋದ ರಂಜಾನು ಆ ಪ್ರೋಗ್ರಾಂ ಬಂದ ಮೇಲಿನ ಮೊದಲ ರಂಜಾನು. ಗಡಿಯಾರ ಹಿಂದಕ್ಕೆ ಹೋಯಿತು, ಸುಕೈನಾಳ ಪ್ರೋಗ್ರಾಂ ಕಳಿಸಿದ ಮೆಸೇಜು ಮುಂದಕ್ಕೆ ಹೋಯಿತು. ಎಲ್ಲರಿಗೂ ಎರಡು ತಾಸು ತಡದ ಹೊತ್ತು. ಬೆಳಗಿನ ಸರದಿಯವರು ಬರುವ ಹೊತ್ತಿಗೆ ಅರ್ಧ ಸರದಿಯೇ ಕಳೆದಿತ್ತು. ಮಧ್ಯಾಹ್ನದವರನ್ನು ಫೋನು ಮಾಡಿ ಸರಿಯಾದ ಹೊತ್ತಿಗೇ ಕರೆಸಿದ್ದರು, ಅವರನ್ನು ಕಾಯಿಸಲಾಗದೆ ಬೆಳಗಿನವರನ್ನು ಅರ್ಧಕ್ಕೆ ಎಬ್ಬಿಸಿದರು. ಹಾಗೆ ಎದ್ದುಬಂದವರಲ್ಲಿ ಸಿ ಬೂಶೈಬನೂ ಒಬ್ಬ. ಆಮೇಲೆ ಎಷ್ಟೋ ದಿನ ಅವನ ಕಾಲು ಊದಿಕೊಂಡಿತ್ತು, ಒಲೆಯ ಮುಂದೆ ಸ್ಟೂಲು ಹಾಕಿಕೊಂಡು ರೊಟ್ಟಿ ತಿರುಗಿಸಿದ.

ಮಗಳಿಗೆ ಅವನೇನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಮೆಸೇಜು ಬಂದಾಗಲೆಲ್ಲ ಫೋನು ತೆಗೆದು ಕೇಂದ್ರದ ನರ್ಸಿಗೆ ಕರೆ ಮಾಡುತ್ತಾನೆ. "ನಈಮಾ, ನಾಳೆ ನನ್ನ ಸರದಿ ಎಷ್ಟೊತ್ತಿಗಮ್ಮಾ? ಹ್ಞಾಂ, ಮೆಸೇಜು ಬಂದಿದೆ. ಇರ್ಲಿ, ನೀನೇ ಹೇಳು." ಇದನ್ನು ಮಗಳ ಮೇಜಿನ ಪಕ್ಕದಲ್ಲೇ ನಿಂತು ಕೇಳುತ್ತಾನೆ. ಬೇಕೆಂದೇ ಅಲ್ಲ, ಒಲೆಮನೆಯೊಳಗೆ ಮಾತು ಕೇಳಿಸುವಷ್ಟು ಸಿಗ್ನಲ್ಲು ಬರುವುದು ಅಲ್ಲಿ ಮಾತ್ರ. ಅವಳು ಪರದೆ ನೋಡುತ್ತಾ ಕೂತಿರುತ್ತಾಳೆ.

ಕೇಂದ್ರದ ಹಿರಿಯ ಹಾಜ್ ತೂಹಾಮಿ. ಮೊದಲು ಮೀನಿನ ವ್ಯಾಪಾರ ಮಾಡಿದವನು, ಮೆತ್ತಗಿನ ಮಾತಿನವನು. ರಂಜಾನಿಗೆ ಹಿಂದಿನ ಶಾಬಾನ್ ತಿಂಗಳು ಹುಟ್ಟಿದಾಗ ತಾನೇ ಫರ್ರಾನಿಗೆ ಬಂದ.

"ಮಗಳೇ, ನಿನ್ನ ಮೇಲೆ ನಂಗೆ ಸಿಟ್ಟಿಲ್ಲ. ದುಡ್ಡು ತಗೊಳ್ದೆ ಮಾಡಿಕೊಟ್ಟೋಳು ನೀನು. ಆದ್ರೆ ಆ ಮಂಚದ ಮೇಲೆ ಮಲಗೋರು ಮೆಸೇಜು ನಂಬ್ಕೊಂಡು ಮನೆ ಬಿಡ್ತಾರೆ. ಈ ರಂಜಾನಲ್ಲೂ ಹೀಗೇ ಆದ್ರೆ ಕಾಸಾದ ಒಂದು ಕಂಪನಿಯೋರ ಪ್ರೋಗ್ರಾಂ ತಗೋಬೇಕು ಅಂತ ಮಿಕ್ಕೋರು ಹೇಳ್ತಿದಾರೆ."

"ಆಗಲ್ಲ ಹಾಜ್. ಅಷ್ಟರೊಳಗೆ ಸರಿ ಮಾಡ್ತೀನಿ."

"ಇನ್‌ಶಾ ಅಲ್ಲಾ" ಎಂದು ಹಾಜ್ ತೂಹಾಮಿ ಒಲೆಯ ಕಡೆ ನೋಡಿದ. ಸಿ ಬೂಶೈಬ ಒಳಗೆ ಬಗ್ಗಿದ್ದ, ಕೇಳಿಸಿಕೊಂಡನೋ ಇಲ್ಲವೋ.

ತಪ್ಪು ಇರುವ ಜಾಗ ಅವಳಿಗೆ ಆಗಲೇ ಸಿಕ್ಕಿತ್ತು. ವರ್ಷವಿಡೀ ಅಲೊಂದ್ರಾದ ಮೂಲ ಬರಹ ಓದಿ ಓದಿ ಹುಡುಕಿದ್ದಳು. ಅದನ್ನು ಬರೆದವರ ದೇಶಗಳಲ್ಲಿ ಬೇಸಿಗೆಗೆ ಗಡಿಯಾರವನ್ನು ಮುಂದಕ್ಕೆ ತಳ್ಳುತ್ತಾರೆ. ಗಡಿಯಾರ ಬದಲಾಯಿತೆಂದರೆ ಮುಂದಕ್ಕೇ ಹೋಗಿರಬೇಕೆಂದು ಅವರು ಬರೆದುಬಿಟ್ಟಿದ್ದಾರೆ. ಉಪವಾಸದ ತಿಂಗಳಿಗೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವ ನಾಡೊಂದಿದೆ ಎಂದು ಪಾಪ ಅವರಿಗೇನು ಗೊತ್ತು. ಬದಲಾವಣೆ ಕಂಡ ಕೂಡಲೇ ಆ ಲೈಬ್ರರಿ ಒಂದು ತಾಸು ಕೂಡಿಸುತ್ತದೆ. ನಾವು ಒಂದು ಹಿಂದೆ ಹೋದರೆ ಅದು ಒಂದು ಮುಂದೆ ಹೋಗುತ್ತದೆ. ಆ ಎರಡು ತಾಸು ಅಲ್ಲಿಂದ ಬಂದದ್ದು.

ಅಲೊಂದ್ರಾ ನೋಡಿಕೊಳ್ಳುವವರಿಗೆ ಬರೆದಳು. ಬಲ್ಗೇರಿಯಾದ ಮಿಲೆನಾ ಎಂಬುವಳಿಂದ ಉತ್ತರ ಬಂತು. ಹೌದು, ತಪ್ಪೇ. ನೀನು ತಿದ್ದಿ ಕಳಿಸಿದರೆ ನೋಡಿ ಸೇರಿಸುತ್ತೇವೆ. ಆದರೆ ಮುಂದಿನ ಆವೃತ್ತಿ ಹೊರಬರುವುದು ವಸಂತ ಮುಗಿದ ಮೇಲೆ.

"ಅಷ್ಟೊತ್ತಿಗೆ ಹಬ್ಬದ ತಿಂಡಿನೂ ಖಾಲಿಯಾಗಿರುತ್ತೆ" ಎಂದೆ.

"ಅದಕ್ಕೇ ಖಾಲ್ತಿ ಮಹ್ಜೂಬಾ, ಅವರಿಗೆ ಕಾಯಲ್ಲ. ನಾನೇ ತಿದ್ದಿ, ನಾನೇ ಕಟ್ಟಿ, ಕೇಂದ್ರದಲ್ಲಿ ಹಾಕ್ತೀನಿ."

ಶಾಬಾನಿನಲ್ಲಿ ಫರ್ರಾನಿಗೆ ಬಿಡುವಿಲ್ಲ. ರೊಟ್ಟಿ ಅಲ್ಲದೆ ಸೆಲ್ಲೂ ಎಂಬ ರಂಜಾನಿನ ಸಿಹಿ ಮಾಡಲು ಹುರಿಯುವ ಗೋಧಿಹಿಟ್ಟು, ಬಾದಾಮಿ, ಎಳ್ಳಿನ ತಟ್ಟೆಗಳೂ ಸಾಲುಗಟ್ಟುತ್ತವೆ. ಹಿಟ್ಟು ಕಂದುಬಣ್ಣಕ್ಕೆ ತಿರುಗುವವರೆಗೆ ಕಾಯಬೇಕು, ನಡುನಡುವೆ ಕೈಯಾಡಿಸಬೇಕು. ಹಾಗಾಗಿ ಆ ದಿನಗಳಲ್ಲಿ ನಾವೆಲ್ಲ ಅಲ್ಲೇ ಬೆಂಚಿನ ಮೇಲೆ. ಸುಕೈನಾಳ ಕೆಲಸ ಕಣ್ಣೆದುರಿಗೇ ನಡೆಯಿತು.

ಮೊದಲ ಸಲ ಕಟ್ಟಲು ಕೊಟ್ಟಾಗ ಕಂಪ್ಯೂಟರು ಶುರುವಿಗೇ ನಿಂತಿತು. ಅವಳಲ್ಲಿದ್ದ ಜಾವಾ ತೀರ ಹೊಸದಂತೆ, ಈ ಬರಹಕ್ಕೆ ಒಗ್ಗುವುದು ಹಳೆಯದಂತೆ. "ನೋಡಿದ್ಯಾ, ನಿನ್ನ ಪೆಟ್ಟಿಗೆಗೂ ಹಳೇದೇ ಬೇಕು" ಎಂದು ನಗಾಡಿದೆವು. ಹಳೆಯ ಜಾವಾ ಹುಡುಕಿ ಪಕ್ಕದಲ್ಲೇ ಹಾಕಿಕೊಂಡಳು. ಆಮೇಲೆ ಇಳಿಸುವ ಕೆಲಸ. ಒಂದು ಲೈಬ್ರರಿ ಕಟ್ಟಲು ಇನ್ನೊಂದಿಷ್ಟು ಲೈಬ್ರರಿ ಬೇಕು, ಅವಕ್ಕೆ ಮತ್ತೊಂದಿಷ್ಟು. ನಮ್ಮ ಮದುವೆಗಳ ಹಾಗೆಯೇ: ಒಬ್ಬನನ್ನು ಕರೆದರೆ ಅವನು ಬಾವಮೈದನನ್ನು ಕರೆತರುತ್ತಾನೆ, ಬಾವಮೈದ ತನ್ನ ನೆರೆಯವರನ್ನು. ಫೋನಿನ ಇಂಟರ್ನೆಟ್ಟು ನಡುವೆ ನಡುವೆ ಕಡಿಯಿತು. ಸುಕೈನಾ ಸಿಡಿಮಿಡಿಗೊಳ್ಳಲಿಲ್ಲ. ಫೋನನ್ನು ಬಾಗಿಲ ಚೌಕಟ್ಟಿನ ಮೇಲೆ ಇಟ್ಟು, ನನ್ನ ಹಿಟ್ಟಿನ ತಟ್ಟೆಗೆ ಕೈಯಾಡಿಸಿ, ಮತ್ತೆ ಬಂದು ನೋಡುತ್ತಿದ್ದಳು. ನೆಂಟರೆಲ್ಲ ಬಂದು ಸೇರಿದ ಮೇಲೆ ಪರದೆಯ ಮೇಲೆ ಸಾಲುಗಳು ಓಡತೊಡಗಿದವು. ಬರಹವನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡುವುದು ಒಂದು ಹಂತ. ಮಾಡಿದ್ದು ಸರಿಯಿದೆಯೇ ಎಂದು ತಾನೇ ತನ್ನನ್ನು ಪರೀಕ್ಷಿಸಿಕೊಳ್ಳುವುದು ಇನ್ನೊಂದು. ಪರೀಕ್ಷೆ ಪಾಸಾದರೆ ಹಸಿರು, ಫೇಲಾದರೆ ಕೆಂಪು. ಒಂದು ಕೆಂಪಾದರೂ ಕಟ್ಟುವುದನ್ನು ನಿಲ್ಲಿಸಿಬಿಡುತ್ತದೆ.

ತನ್ನ ತಿದ್ದುಪಡಿ ಬರೆದಳು. ಅದರ ಜೊತೆಗೆ ಹೊಸ ಪರೀಕ್ಷೆಯೊಂದನ್ನೂ ಬರೆದಳು. ರಂಜಾನಿನ ಒಂದು ದಿನದ ಸರದಿಯನ್ನು ಕೊಟ್ಟು, ಕಂಪ್ಯೂಟರು ತನ್ನ ಊರಿನ ಹೊತ್ತನ್ನು ಸರಿಯಾಗಿ ಹೇಳುತ್ತದೆಯೇ ಎಂದು ಕೇಳುವ ಪರೀಕ್ಷೆ. ಕಟ್ಟಲು ಕೊಟ್ಟಳು. ಎಲ್ಲ ಹಸಿರು.

"ಆಯ್ತಾ?" ಎಂದ ಸಿ ಬೂಶೈಬ, ಉದ್ದನೆ ಹಿಡಿಯ ಸಲಿಕೆ ಕೈಯಲ್ಲೇ ಇತ್ತು. ಈ ಕೆಲಸದ ಬಗ್ಗೆ ಅವನು ಬಾಯಿಬಿಟ್ಟದ್ದು ಅದೇ ಮೊದಲು.

"ಆಯ್ತು ಅಪ್ಪಾ."

"ಹ್ಞೂಂ" ಎಂದು ಒಲೆಯ ಕಡೆ ಹೋದ. ಮರುದಿನದ ಸರದಿಗೆ ಮತ್ತೆ ನರ್ಸಿಗೆ ಕರೆ ಮಾಡಿದ.

ತಿದ್ದಿದ್ದನ್ನು ಮಿಲೆನಾಗೂ ಕಳಿಸಿದ್ದಳು. ಉತ್ತರ ಬಂದಾಗ ಸುಕೈನಾಳ ಹುಬ್ಬು ಗಂಟಿಕ್ಕಿತು. ನಮಗೆ ಓದಿ ಹೇಳಿದಳು. ನಿನ್ನ ತಿದ್ದುಪಡಿಯನ್ನು ತೆಗೆದುಹಾಕಿ ಬರೀ ಪರೀಕ್ಷೆಯನ್ನು ಓಡಿಸಿದೆ, ಆಗಲೂ ಹಸಿರು ಬಂತು. ನನ್ನ ಊರಿನಲ್ಲಿ ಗಡಿಯಾರ ಹಿಂದೆ ಹೋಗುವುದಿಲ್ಲ, ಅದಕ್ಕಿರಬಹುದು. ನಿನ್ನ ಕಡೆ ತಿದ್ದುಪಡಿ ಇಲ್ಲದೆ ಓಡಿಸಿದರೆ ಕೆಂಪು ಬರಬೇಕು. ಬರುತ್ತದೆಯೇ, ನೋಡಿದೆಯಾ?

"ನನ್ನ ಕೆಲಸ ನಂಬಲ್ಲ ಇವಳು" ಎಂದಳು ಸುಕೈನಾ. ಆದರೂ ತಿದ್ದುಪಡಿ ತೆಗೆದು ಓಡಿಸಿದಳು. ಅಲ್ಲೂ ಹಸಿರು.

ಅವಳಿಗೆ ಅರ್ಥವಾಗಲಿಲ್ಲ. ತಪ್ಪು ಇದ್ದಾಗಲೂ ಪಾಸು, ತಿದ್ದಿದಾಗಲೂ ಪಾಸು ಎಂದರೆ ಅದು ಪರೀಕ್ಷೆಯೇ ಅಲ್ಲ. ಮತ್ತೆ ಓಡಿಸಿದಳು, ಮತ್ತೆ ಹಸಿರು. ಗಡಿಯಾರ ಹಿಂದಕ್ಕೆ ಹೋಗುವ ಭಾನುವಾರ ಹತ್ತಿರ ಬರುತ್ತಿತ್ತು. ಕೇಂದ್ರದಲ್ಲಿ ತಪ್ಪಾದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು, ಈ ಮೇಜಿನ ಮೇಲೆ ಮಾತ್ರ ಅದು ಒಮ್ಮೆಯೂ ಕಾಣಿಸಿಕೊಂಡಿರಲಿಲ್ಲ. ಎರಡು ದಿನ ಅವಳ ಮುಖ ನೋಡಲಾಗುತ್ತಿರಲಿಲ್ಲ. ಅಂಗಡಿಯಿಂದ ಏನು ತರಲಿ ಎಂದರೆ ಏನೂ ಬೇಡ, ಚಹಾ ಕೊಟ್ಟರೆ ಅಲ್ಲೇ ಆರುತ್ತಿತ್ತು.

ಆ ಮಧ್ಯಾಹ್ನ ಬೆಂಚಿನ ಮೇಲೆ ಎಂದಿನ ಜಗಳವೇ ನಡೆದಿತ್ತು. ಫತ್ತೂಮಾಳ ಮಗ ರಬಾತಿನಿಂದ ಬರುವ ರೈಲಿನ ಹೊತ್ತು ಹೇಳಿದ್ದ. ಹಳೇದೋ ಹೊಸದೋ ಎಂದು ಕೇಳಲು ಇವಳು ಮರೆತಿದ್ದಳು.

"ರೈಲು ಸರ್ಕಾರದ್ದು, ಹೊಸದೇ" ಎಂದೆ.

"ರೈಲು ಸರ್ಕಾರದ್ದು, ಮಗ ನನ್ನೋನು. ಅವನು ನಂಗೆ ಯಾವಾಗ್ಲೂ ಹಳೇದೇ ಹೇಳೋದು!"

"ಹಂಗಾದ್ರೆ ಸ್ಟೇಷನ್ನಲ್ಲಿ ಒಂದು ತಾಸು ಕೂತ್ಕೋ, ಮಗ ಬಂದೇ ಬರ್ತಾನೆ" ಎಂದ ಸಿ ಬೂಶೈಬ. "ಇಲ್ಲಿ ನಿನ್ನ ಮಾತು ಕೇಳೋದೂ ತಪ್ಪುತ್ತೆ."

ಫತ್ತೂಮಾ ಅವನನ್ನು ಬಿಟ್ಟು ಸುಕೈನಾಳ ಕಡೆ ತಿರುಗಿದಳು. "ನೀನು ಹೇಳೇ ಮಗಳೇ. ನಿನ್ನ ಪೆಟ್ಟಿಗೆ ಹೊತ್ತು ಯಾವುದು? ಹಳೇದೋ ಹೊಸದೋ?"

"ಎರಡೂ ಅಲ್ಲ ಖಾಲ್ತಿ, ತೂನಿಸಿನ ಹೊತ್ತು" ಎಂದಳು ಸುಕೈನಾ ಬೇಸರದಲ್ಲಿ. "ಆ ವರ್ಷ ಚಳಿಗಾಲಕ್ಕೆ ಗಡಿಯಾರ ಹಿಂದಕ್ಕೆ ಹೋಗಲ್ಲ, ಇನ್ಮೇಲೆ ವರ್ಷವಿಡೀ ಹೊಸ ಹೊತ್ತೇ ಅಂತ ಕೊನೇ ಗಳಿಗೆಯಲ್ಲಿ ಹೇಳಿದ್ರಲ್ಲ, ಎಲ್ಲರ ಫೋನೂ ತಾನಾಗೇ ಹಿಂದಕ್ಕೆ ಹೋಗಿತ್ತಲ್ಲ? ಆವಾಗ ತೂನಿಸ್ ಅಂತ ಹಾಕ್ಬಿಟ್ಟೆ. ಹೊತ್ತು ಸರಿಯಾಗಿ ತೋರಿಸ್ತು, ಆಮೇಲೆ..."

ಅಲ್ಲಿಗೆ ಮಾತು ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು.

ಆ ವರ್ಷ ನಾವೆಲ್ಲ ಹಾಗೇ ಮಾಡಿದವರು. ಮೊರೊಕ್ಕೋದ ಗಡಿಯಾರ ಮಾತು ಕೇಳದಾಗ, ನಮ್ಮದೇ ಹೊತ್ತು ತೋರಿಸುವ ಬೇರೆ ದೇಶದ ಊರೊಂದನ್ನು ಫೋನಿಗೆ ಹೇಳಿದೆವು. ಕೆಲವರು ಪ್ಯಾರಿಸ್ ಎಂದರು, ಕೆಲವರು ಅಲ್ಜೀರ್ಸ್ ಎಂದರು, ಸುಕೈನಾ ತೂನಿಸ್ ಎಂದಳು. ಜನ ಆಮೇಲೆ ಫೋನು ಬದಲಿಸಿದರು, ಮರೆತರು. ಅವಳು ಲ್ಯಾಪ್‌ಟಾಪು ಬದಲಿಸಿದಾಗಲೂ ಹಳೆಯದರಲ್ಲಿದ್ದುದನ್ನೆಲ್ಲ ಹಾಗೆಯೇ ಹೊಸದಕ್ಕೆ ತಂದುಕೊಂಡಿದ್ದಳು, ತೂನಿಸನ್ನೂ ಸೇರಿಸಿ. ರಂಜಾನಿನಲ್ಲಿ ಮಾತ್ರ ಕೈಯಿಂದ ಮುಳ್ಳು ತಿರುಗಿಸಿಕೊಳ್ಳುತ್ತಿದ್ದಳಂತೆ. ತೂನಿಸಿನಲ್ಲಿ ಉಪವಾಸ ಉಂಟು, ಗಡಿಯಾರ ತಿರುಗಿಸುವುದಿಲ್ಲ. ಕೇಂದ್ರದ ಕಂಪ್ಯೂಟರಿಗೆ ಕಾಸಾದ ಹೊತ್ತು, ಅಂದರೆ ಮೊರೊಕ್ಕೋದ್ದೇ. ಅದಕ್ಕೇ ತಪ್ಪು ಅಲ್ಲಿ ಕಂಡಿತು, ಇಲ್ಲಿ ಕಾಣಲಿಲ್ಲ. ವರ್ಷವಿಡೀ ಅವಳು ರಂಜಾನಿನ ಹೊತ್ತನ್ನು ಅದು ಬಾರದ ಊರಿನಲ್ಲಿ ಹುಡುಕುತ್ತಿದ್ದಳು.

ಮೇಜಿಗೆ ಓಡಿದಳು. ತೂನಿಸ್ ತೆಗೆದು ಕಾಸಾ ಹಾಕಿದಳು. ತಿದ್ದುಪಡಿ ಇಲ್ಲದೆ ಓಡಿಸಿದಳು. ಪರದೆ ಕೆಂಪಾಯಿತು.

"ಕೆಂಪು! ಕೆಂಪು ಬಂತು ಖಾಲ್ತಿ!" ಎಂದು ಕೈ ತಟ್ಟಿದಳು.

"ಕೆಂಪು ಬಂದ್ರೆ ಕೆಟ್ಟದ್ದು ಅಂದಿದ್ದೆ?"

"ಇದು ಒಳ್ಳೆ ಕೆಂಪು!"

"ಇವಳಿಗೇನೋ ಆಗಿದೆ, ಸ್ವಲ್ಪ ನೀರು ಕೊಡ್ರೇ" ಎಂದಳು ಫತ್ತೂಮಾ.

ಆಮೇಲೆ ತಿದ್ದುಪಡಿ ಸೇರಿಸಿ ಓಡಿಸಿದಳು. ಮತ್ತೆ ಕೆಂಪು. ಈ ಸಲ ಕೈ ತಟ್ಟಲಿಲ್ಲ. ಪರದೆಯ ಹತ್ತಿರ ಮುಖ ತಂದು ನಿಧಾನವಾಗಿ ಓದಿದಳು. ಅವಳ ತಿದ್ದುಪಡಿಯೇ ಅರ್ಧಂಬರ್ಧವಾಗಿತ್ತು. ಲೈಬ್ರರಿ ಕೂಡಿಸುತ್ತಿದ್ದ ತಾಸನ್ನು ಅದು ತೆಗೆದುಹಾಕುತ್ತಿತ್ತು, ಅಷ್ಟೇ; ಅಲ್ಲಿಂದ ಒಂದು ತಾಸು ಹಿಂದಕ್ಕೆ ಹೋಗುತ್ತಿರಲಿಲ್ಲ. ಎರಡು ತಾಸಿನ ತಪ್ಪು ಒಂದಕ್ಕೆ ಇಳಿದಿತ್ತು. ಅದನ್ನೇ ಕೇಂದ್ರದಲ್ಲಿ ಹಾಕಿದ್ದರೆ ಈ ರಂಜಾನಿನಲ್ಲೂ ಅವಳಪ್ಪ ತಪ್ಪು ಹೊತ್ತಿಗೇ ಹೋಗುತ್ತಿದ್ದ.

ಇದನ್ನು ಅವಳು ನನಗೆ ಮೆಲ್ಲಗೆ ಹೇಳಿದಳು. ಹೇಳುವಾಗ ಒಲೆಯ ಕಡೆ ನೋಡಲಿಲ್ಲ.

"ಈಗ ಗೊತ್ತಾಯ್ತಲ್ಲ. ಮೊದ್ಲು ಚಹಾ ಕುಡಿ" ಎಂದೆ.

ಚಹಾ ಕುಡಿದಳು. ಮರುದಿನ, ಅದರ ಮರುದಿನ ಆ ಬರಹದ ಮುಂದೆಯೇ ಕೂತಳು. ಕೂಡಿಸುವುದು ಕಳೆಯುವುದು ಎರಡನ್ನೂ ತೆಗೆದುಹಾಕಿ, ಆ ದಿನ ಆ ಊರಿನಲ್ಲಿ ಹೊತ್ತೆಷ್ಟು ಎಂದು ಜಾವಾವನ್ನೇ ನೇರವಾಗಿ ಕೇಳುವ ಹಾಗೆ ಬರೆದಳಂತೆ. ನಾವೇ ಲೆಕ್ಕ ಹಾಕಲು ಹೋದದ್ದೇ ತಪ್ಪು ಎಂದಳು. ಕಾಸಾ ಎಂದು ಹೇಳಿ ಕಟ್ಟಿದಾಗ ಹಸಿರು ಬಂತು. ತಿದ್ದುಪಡಿ ತೆಗೆದರೆ ಕೆಂಪು, ಹಾಕಿದರೆ ಹಸಿರು. ಯಾವ ದೇಶದವರು ಕಟ್ಟಿದರೂ ಕಾಸಾದ ರಂಜಾನನ್ನು ಪರೀಕ್ಷಿಸಿಯೇ ಮುಂದೆ ಹೋಗಬೇಕೆಂದು ಪರೀಕ್ಷೆಯೊಳಗೇ ಊರಿನ ಹೆಸರನ್ನು ಬರೆದಳು. ಮಿಲೆನಾಳ ಊರಿನಲ್ಲೂ ಈಗ ಹಾಗೆಯೇ ಬಂತು. ಸೇರಿಸಿಕೊಂಡಿದ್ದೇವೆ, ಮೊದಲ ಸಲ ಒರಟಾಗಿ ಕೇಳಿದೆನೇನೋ ಎಂದು ಬರೆದಿದ್ದಳು. "ಒರಟಾಗಿ ಕೇಳಿದ್ದೇ ಒಳ್ಳೇದಾಯ್ತು ಅಂತ ಬರೀತೀನಿ" ಎಂದಳು ಸುಕೈನಾ. ಕಟ್ಟಿದ ಲೈಬ್ರರಿಯನ್ನು ಅವತ್ತೇ ಒಯ್ದು ಕೇಂದ್ರದ ಕಂಪ್ಯೂಟರಿಗೆ ಹಾಕಿ ಬಂದಳು.

ಭಾನುವಾರ ಗಡಿಯಾರ ಹಿಂದಕ್ಕೆ ಹೋಯಿತು. ಮರುದಿನವೇ ಉಪವಾಸ ಶುರು. ಅವತ್ತು ಮಧ್ಯಾಹ್ನ ಸಿ ಬೂಶೈಬನ ಫೋನು ಗುಂಯ್ ಎಂದಿತು. ಸಣ್ಣ ಅಕ್ಷರ ಅವನ ಕಣ್ಣಿಗೆ ಹತ್ತುವುದಿಲ್ಲ. ನನಗೆ ಕೊಟ್ಟು, "ಏನಂತೆ?" ಎಂದ.

"ನಾಳೆ ಬೆಳಿಗ್ಗೆ ಎಂಟಕ್ಕೆ."

ಸುಕೈನಾ ಹಲಗೆಗಳನ್ನು ಒರೆಸುತ್ತಿದ್ದಳು. ಒರೆಸಿದ ಹಲಗೆಯನ್ನೇ ಮತ್ತೆ ಒರೆಸಿದಳು. ಸಿ ಬೂಶೈಬ ಫೋನು ತೆಗೆದುಕೊಂಡ, ಅವಳ ಮೇಜಿನ ಪಕ್ಕ ಸಿಗ್ನಲ್ಲು ಬರುವ ಜಾಗಕ್ಕೆ ಹೋಗಿ ನಿಂತ. ಫೋನನ್ನು ಒಂದಷ್ಟು ಹೊತ್ತು ಹಿಡಿದುಕೊಂಡೇ ನಿಂತಿದ್ದು, ಜೇಬಿಗೆ ಹಾಕಿಕೊಂಡ.

"ಮಹ್ಜೂಬಾ, ನಾಳೆ ನನ್ನ ಜೊತೆ ಬರ್ತೀಯಾ? ಇವಳು ಬಂದ್ರೆ ದಾರಿಯುದ್ದಕ್ಕೂ ನನ್ನ ಮುಖಾನೇ ನೋಡ್ತಿರ್ತಾಳೆ."

ಮರುದಿನ ನಾವಿಬ್ಬರೂ ನದಿಯ ಕಡೆಯ ಬಾಗಿಲಿಂದ ಇಳಿದು ಕೇಂದ್ರಕ್ಕೆ ಹೋದೆವು. ಬೆಳಗಿನ ಸರದಿಯವರೆಲ್ಲ ಬಂದಿದ್ದರು. ಬಾಗಿಲಿಗೆ ಬೀಗ.

ಒಬ್ಬರ ಮುಖ ಒಬ್ಬರು ನೋಡಿದರು. ಲಲ್ಲಾ ಮ್ಬಾರ್ಕಾ ಎಂಬ ಮುದುಕಿ ಕಂಬಳಿ ಹೊದ್ದು ಗೋಡೆಗೆ ಒರಗಿದ್ದಳು. ಅವಳೇ ಕೊನೆಗೆ ಬಾಯಿಬಿಟ್ಟಳು. "ಹೋದ ವರ್ಷದ್ದೇ ಆಯ್ತಲ್ಲಪ್ಪಾ. ಆವಾಗ ತಡ, ಈಗ ಬೇಗ. ಸಿ ಬೂಶೈಬ್, ನಿನ್ನ ಮಗಳ ಪ್ರೋಗ್ರಾಮಿಗೆ ನಮ್ಮನ್ನ ಕಂಡ್ರೆ ಏನು ಹಗೆ?"

ಮೆಸೇಜು ಓದಿದವಳು ನಾನು. ಓದಿದ್ದೇ ತಪ್ಪೋ ಏನೋ.

ಇನ್ನೊಬ್ಬ ಹೇಳಿದ, "ನಈಮಾಗೆ ಫೋನ್ ಮಾಡು ಸಿ ಬೂಶೈಬ್. ದಿನಾ ಮಾಡೋನು ನೀನೇ ಅಲ್ವಾ?"

ಸಿ ಬೂಶೈಬ ಮೆಟ್ಟಿಲ ಮೇಲೆ ಕೂತು ಜೆಲ್ಲಾಬಾ ನಿಲುವಂಗಿಯ ತುದಿಯನ್ನು ಕಾಲಮೇಲೆ ಎಳೆದುಕೊಂಡ.

"ನಾನ್ಯಾಕೆ ಮಾಡ್ಲಿ? ಎಂಟಕ್ಕೆ ಅಂತ ಮೆಸೇಜು ಬಂದಿದೆ. ಈಗ ಎಂಟು."

"ಬಾಗಿಲು ಹಾಕಿದೆಯಲ್ಲೋ!"

"ಬಾಗಿಲು ನನ್ನ ಮಗಳು ಕಟ್ಟಿದ್ದಲ್ಲ."

ಲಲ್ಲಾ ಮ್ಬಾರ್ಕಾ ಗೊಣಗುತ್ತಾ ತಾನೇ ಕರೆ ಮಾಡಿದಳು. ಫೋನಿನೊಳಗಿನ ಕಿರುಚು ನಮಗೆಲ್ಲ ಕೇಳಿಸಿತು. "ಏನು? ಎಂಟಾ? ಇನ್ನೂ ಏಳು ಕಣಜ್ಜಿ!" ಮನೆಯ ಬೇರೆ ಗಡಿಯಾರ ನೋಡಿದಳೋ ಏನೋ. ಆಮೇಲೆ, "ಅಯ್ಯೋ ದೇವರೇ!"

ನಈಮಾಳ ಮನೆ ಹತ್ತಿರದಲ್ಲೇ. ತಲೆವಸ್ತ್ರ ಒಂದು ಕಡೆ ಜಾರಿ, ಒಂದು ಕಾಲಿಗೆ ಒಂದು ಬಣ್ಣದ ಚಪ್ಪಲಿ ಇನ್ನೊಂದಕ್ಕೆ ಇನ್ನೊಂದು ಬಣ್ಣದ್ದು ಹಾಕಿಕೊಂಡು ಓಡಿ ಬಂದಳು. ಫೋನಿನ ಗಡಿಯಾರ ತಾನಾಗಿಯೇ ಹಿಂದಕ್ಕೆ ಹೋಗಿತ್ತಂತೆ. ಹೋಗಿಲ್ಲವೆಂದುಕೊಂಡು ಇವಳು ಕೈಯಿಂದಲೂ ಒಂದು ತಾಸು ಹಿಂದಕ್ಕೆ ತಿರುಗಿಸಿದ್ದಳು. "ಕ್ಷಮಿಸಿ, ಎಲ್ಲರೂ ಕ್ಷಮಿಸಿ. ಮೆಸೇಜು ಸರಿನೇ ಇದೆ, ನಂದೇ ತಪ್ಪು" ಎನ್ನುತ್ತಾ ಬೀಗದ ಕೈ ಹುಡುಕಿದಳು.

"ನಿನ್ನ ಫೋನನ್ನೂ ಕಳಿಸು, ನನ್ನ ಮಗಳು ಅದನ್ನೂ ಮೂಲದಿಂದ ಕಟ್ಟಿಕೊಡ್ತಾಳೆ" ಎಂದ ಸಿ ಬೂಶೈಬ. ಎಲ್ಲರೂ ನಕ್ಕರು. ಲಲ್ಲಾ ಮ್ಬಾರ್ಕಾ ಎಲ್ಲರಿಗಿಂತ ಜೋರಾಗಿ ನಕ್ಕಳು, ಮೊದಲು ಒಳಗೆ ಹೋಗಿದ್ದೂ ಅವಳೇ.

ಯಂತ್ರ ಹಾಕಿದ ಮೇಲೆ ಅವನಿಗೆ ನಿದ್ದೆ ಹತ್ತಿತು. ಈ ಸಲ ಯಾರೂ ಅರ್ಧಕ್ಕೆ ಎಬ್ಬಿಸಲಿಲ್ಲ, ಸರದಿ ಪೂರ್ತಿ ಆಯಿತು. ಅವನನ್ನು ಮನೆಯಲ್ಲಿ ಮಲಗಿಸಿ ನಾನು ಫರ್ರಾನಿಗೆ ಹೋದಾಗ, ಉಪವಾಸ ಬಿಡುವ ಹೊತ್ತಿನ ರೊಟ್ಟಿಗಳು ಬರತೊಡಗಿದ್ದವು. ಅಪ್ಪನ ಜಾಗದಲ್ಲಿ ಸುಕೈನಾ ಸಲಿಕೆ ಹಿಡಿದು ನಿಂತಿದ್ದಳು.

"ಸರಿಯಾದ ಹೊತ್ತಿಗೆ ಹೋದ್ರಾ?"

"ಸರಿಯಾಗಿ."

"ಮೊದ್ಲು ನಈಮಾಗೆ ಫೋನ್ ಮಾಡಿದ್ರಾ?"

"ಜನ ಹೇಳಿದ್ರೂ ಮಾಡ್ಲಿಲ್ಲ." ಬಾಗಿಲ ಮುಂದೆ ನಡೆದದ್ದನ್ನು, ಅವನು ಆಡಿದ ಮಾತನ್ನು ಒಂದೂ ಬಿಡದೆ ಹೇಳಿದೆ.

ಅವಳು ನನ್ನ ಕಡೆ ತಿರುಗಲಿಲ್ಲ. ಒಲೆಯೊಳಗೆ ಬಗ್ಗಿ, ಬೇಯುತ್ತಿದ್ದ ರೊಟ್ಟಿಯನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಸುಮ್ಮನೆ ಸರಿಸುತ್ತಾ ನಿಂತಳು.

"ಇನ್ನೊಂದ್ಸಲ ಹೇಳಿ ಖಾಲ್ತಿ" ಎಂದಳು. "ಬಾಗಿಲ ಬಗ್ಗೆ ಏನಂದ್ರು?"